ಚೀಲ ಎತ್ತುವ ಶಕ್ತಿ ಬೇರೆ, ಗುದ್ದುವ ಶಕ್ತಿ ಬೇರೆ

ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವುದನ್ನು ನೋಡಿದವರಿಗೆ ಶಕ್ತಿ ಅಂದರೇನು ಅಂತ ಬೇರೆ ಹೇಳಬೇಕಿಲ್ಲ. ಕಲ್ಲು ಹೆಗಲಿಗೆ ಬಂತು, ಗೆದ್ದ. ಬರಲಿಲ್ಲ, ಸೋತ. ಬಾಕ್ಸಿಂಗ್‌ನಲ್ಲಿ ಲೆಕ್ಕ ಇಷ್ಟು ಸುಲಭ ಅಲ್ಲ. 'ಯಾವ ಕಾಲದ ಬಾಕ್ಸರ್ ಹೆಚ್ಚು ಬಲಶಾಲಿ?' ಅಂತ ಕೇಳಿದಾಗ ನಾವೆಲ್ಲ ಎಡವುವುದು ಇಲ್ಲೇ.

ನಮ್ಮ ಅಭ್ಯಾಸದ ಹಾಲ್‌ನಲ್ಲಿ ನಡೆದದ್ದು ಹೇಳ್ತೀನಿ. ನಮ್ಮ ಬ್ಯಾಚಿನ ಒಬ್ಬ ಕುಸ್ತಿ ಪೈಲ್ವಾನ, 92 ಕೆಜಿ. ಕ್ವಿಂಟಲ್ ಜೋಳದ ಚೀಲವನ್ನು ಒಂದೇ ದಮ್ಮಿಗೆ ಎತ್ತುತ್ತಾನೆ. ಅವತ್ತು ಸುಮ್ನೆ ತಮಾಷೆಗೆ ಬಾಕ್ಸಿಂಗ್ ಬ್ಯಾಗಿಗೆ ಗುದ್ದಿದ. ಬ್ಯಾಗು ಜೋಕಾಲಿ ಥರ ದೂರ ಹೋಗಿ ಬಂತು, ಸದ್ದು ಮಾತ್ರ 'ಧೊಪ್' ಅಂತ ಮೆತ್ತಗೆ. ಆಮೇಲೆ 51 ಕೆಜಿಯ ಹುಡುಗ ಗುದ್ದಿದ. ಬ್ಯಾಗು ಅಷ್ಟಾಗಿ ಅಲುಗಲೇ ಇಲ್ಲ. ಆದರೆ 'ಫಟ್' ಅಂತ ಸದ್ದು, ನಡುವೆ ಒಂದು ಗುಳಿ, ಮೇಲಿನ ಸರಪಳಿ ಗಲಗಲ.

ಪೈಲ್ವಾನ ಮಾಡಿದ್ದು ತಳ್ಳುವ ಕೆಲಸ. ಬಲ ಹೆಚ್ಚು ಹೊತ್ತು ಹರಿಯಿತು, ಅದಕ್ಕೇ ಬ್ಯಾಗು ದೂರ ಹೋಯಿತು. ಹುಡುಗ ಇದ್ದಷ್ಟು ಬಲವನ್ನು ಕಣ್ಣು ಮಿಟುಕಿಸುವುದರೊಳಗೆ ಖಾಲಿ ಮಾಡಿದ. ಎದುರಾಳಿ ಬೀಳುವುದು ಈ ಎರಡನೆಯದಕ್ಕೆ.

1985ರಲ್ಲಿ ಬ್ರಿಟನ್ನಿನ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊನ ಗುದ್ದನ್ನು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಬಲ 4096 ನ್ಯೂಟನ್. ನಮ್ಮ ಭಾಷೆಯಲ್ಲಿ ಹೇಳೋದಾದರೆ ನಾಲ್ಕು ಚೀಲ ಜೋಳದ ಭಾರ! ಆದರೆ ಅಷ್ಟು ಬಲ ಇರುವುದು ಸೆಕೆಂಡಿನ ಒಂದು ಸಣ್ಣ ಚೂರು ಹೊತ್ತು ಮಾತ್ರ. ಬ್ರೂನೊನ ಕೈಗೆ ನಾಲ್ಕು ಚೀಲ ಕೊಟ್ಟು ಎತ್ತು ಅಂದರೆ ಆಗುತ್ತಿರಲಿಲ್ಲ, ಅಲ್ವಾ?

ಈಗ ತೂಕದ ವಿಭಾಗಗಳಿಗೆ ಬರೋಣ. ಒಲಿಂಪಿಕ್ ಬಾಕ್ಸರ್‌ಗಳ ಮೇಲೆ 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಗುರ ಮೈಯ ಫ್ಲೈವೇಟ್‌ನಿಂದ ಅತಿ ಭಾರದ ಸೂಪರ್ ಹೆವಿವೇಟ್‌ವರೆಗಿನವರು ಇದ್ದರು. ತೂಕ ಏರಿದಂತೆ ಗುದ್ದಿನ ಏಟೂ ಏರಿತು. ಅದಕ್ಕೆ ಮುಖ್ಯ ಕಾರಣ ಕೈಯ ವೇಗ ಅಲ್ಲ, ಮುಷ್ಟಿಯ ಹಿಂದೆ ಬರುವ ಭಾರ. ಪಾದ ನೆಲ ಒತ್ತಿ, ಸೊಂಟ ತಿರುಗಿ, ಭುಜ ಹಿಂಬಾಲಿಸಿದರೆ ಇಡೀ ಮೈ ಸ್ವಲ್ಪ ಸ್ವಲ್ಪ ಮುಷ್ಟಿಗೆ ಸೇರುತ್ತದೆ. ಬರೀ ತೋಳು ಬೀಸಿದರೆ ತೋಳಿನ ಭಾರವಷ್ಟೇ.

ಹಾಗಂತ ತೂಕ ಎರಡು ಪಟ್ಟಾದರೆ ಶಕ್ತಿಯೂ ಎರಡು ಪಟ್ಟಾಗುವುದಿಲ್ಲ. ಸ್ನಾಯುವಿನ ಬಲ ಅದನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣವನ್ನು ಅವಲಂಬಿಸಿದೆ, ತೂಕ ಇಡೀ ಗಾತ್ರವನ್ನು. ಹಾಗಾಗಿ 48 ಕೆಜಿಯವನಿಗಿಂತ 96 ಕೆಜಿಯವನು ಸುಮಾರು 1.6 ಪಟ್ಟು ಬಲಶಾಲಿ ಅಂತ ಅಂದಾಜು. ಉದಾಹರಣೆ ವೇಟ್‌ಲಿಫ್ಟಿಂಗ್‌ನಲ್ಲಿ ಸಿಗುತ್ತದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 60 ಕೆಜಿ ವಿಭಾಗದ ನಯೀಮ್ ಸುಲೇಮಾನೊಗ್ಲು 190 ಕೆಜಿ ಎತ್ತಿದ. ತನ್ನ ಮೂರು ಪಟ್ಟಿಗಿಂತ ಜಾಸ್ತಿ! 110 ಕೆಜಿ ಮೀರಿದ ವಿಭಾಗದಲ್ಲಿ ಗೆದ್ದವನು ಎತ್ತಿದ್ದು 250. ಮೂರು ಪಟ್ಟು ಆಗಬೇಕಿದ್ದರೆ 330 ದಾಟಬೇಕಿತ್ತು. ಕೆಜಿಗೆ ಕೆಜಿ ಲೆಕ್ಕ ಹಾಕಿದರೆ ಸಣ್ಣವರೇ ಮುಂದೆ. ರಿಂಗಿನಲ್ಲಿ ಯಾರೂ ಹಾಗೆ ಲೆಕ್ಕ ಹಾಕುವುದಿಲ್ಲ ಅನ್ನುವುದು ಬೇರೆ ಮಾತು. 2012ರ ಲಂಡನ್‌ನಲ್ಲಿ ಮಹಿಳೆಯರಿಗೆ ಇದ್ದದ್ದು 51, 60, 75 ಕೆಜಿ ಮಾತ್ರ. 48ರಲ್ಲಿ ಆಡುತ್ತಿದ್ದ ಮೇರಿ ಕೋಮ್ 51ಕ್ಕೆ ಹತ್ತಬೇಕಾಯಿತು. ಮೂರು ಕೆಜಿ ಅಂದರೆ ನಮಗೆ ಏನೂ ಅಲ್ಲ, ಅವರಿಗೆ ಅದೇ ಬೆಟ್ಟ. ಆದರೂ ಕಂಚು ತಂದರು.

ಕಾಲದ ಪ್ರಶ್ನೆ ಇನ್ನೂ ಮಜಾ. 1919ರಲ್ಲಿ ಸುಮಾರು 85 ಕೆಜಿಯ ಜ್ಯಾಕ್ ಡೆಂಪ್ಸಿ, 111 ಕೆಜಿಯ ಜೆಸ್ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ. 49 ಪಂದ್ಯ ಆಡಿ ಒಂದೂ ಸೋಲದ ರಾಕಿ ಮಾರ್ಸಿಯಾನೊ ಕೂಡ ಹೆಚ್ಚುಕಡಿಮೆ 85 ಕೆಜಿ. ಇಂದು ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಹೆವಿವೇಟ್ ಶುರುವಾಗುವುದೇ 90.7 ಕೆಜಿ ದಾಟಿದ ಮೇಲೆ. ಅಂದರೆ ಈ ಇಬ್ಬರೂ ಈಗ ಅದಕ್ಕಿಂತ ಕೆಳಗಿನ ಕ್ರೂಸರ್‌ವೇಟ್‌ಗೆ ಸೇರುತ್ತಿದ್ದರು. ಹಳಬರೇ ಗಟ್ಟಿ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಭಾರ ಎತ್ತಿದರೆ ಮೈ ಬಿಗಿದು ಕೈ ನಿಧಾನ ಆಗುತ್ತದೆ ಅಂತ ಆಗಿನ ಉಸ್ತಾದರು ಹೆದರುತ್ತಿದ್ದರು. ಆ ಹೆದರಿಕೆ ಬಿಟ್ಟು ಲೈಟ್ ಹೆವಿವೇಟ್‌ನ ಮೈಕಲ್ ಸ್ಪಿಂಕ್ಸ್ ಮೈ ಬೆಳೆಸಿಕೊಂಡು 1985ರಲ್ಲಿ ಹೆವಿವೇಟ್ ಚಾಂಪಿಯನ್ ಲ್ಯಾರಿ ಹೋಮ್ಸ್‌ನನ್ನು ಸೋಲಿಸಿದ.

ಕುಸ್ತಿ ಗೊತ್ತಿದ್ದವರು 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ನಡೆದ ಅಲಿ-ಫೋರ್‌ಮನ್ ಪಂದ್ಯವನ್ನು ಒಮ್ಮೆ ನೋಡಲೇಬೇಕು. ಜಾರ್ಜ್ ಫೋರ್‌ಮನ್ ಗುದ್ದಿದರೆ ಗೋಡೆ ಬೀಳಬೇಕು, ಅಂಥವನು. ಹಿಂದಿನ ವರ್ಷವಷ್ಟೇ ಜೋ ಫ್ರೇಜಿಯರ್‌ನನ್ನು ಆರು ಸಲ ಕೆಡವಿದ್ದ. ಮುಹಮ್ಮದ್ ಅಲಿ ಹಗ್ಗಕ್ಕೆ ಒರಗಿ ಏಟು ತಿಂದ. ಎಲ್ಲರೂ ಹೇಳುವುದು ಇಷ್ಟನ್ನೇ. ಹತ್ತಿರ ಬಂದಾಗಲೆಲ್ಲ ಅಲಿ ಏನು ಮಾಡಿದ ಅಂತ ನೋಡಿ. ಫೋರ್‌ಮನ್‌ನ ಕತ್ತಿನ ಹಿಂದೆ ಕೈ ಹಾಕಿ ತಲೆಯನ್ನು ಕೆಳಕ್ಕೆ ಒತ್ತಿ ತನ್ನ ಭಾರ ಬಿಟ್ಟ. ತಾಲೀಮಿನಲ್ಲಿ ನಾವು ಕತ್ತು ಜಗ್ಗಿ ಎದುರಾಳಿಯ ದಮ್ಮು ತೆಗೆಯುತ್ತೇವಲ್ಲ, ಅದೇ ಲೆಕ್ಕ. ಎಂಟನೇ ರೌಂಡಿಗೆ ಫೋರ್‌ಮನ್‌ನ ಕೈಗಳೇ ಏಳುತ್ತಿರಲಿಲ್ಲ.

ಇನ್ನೊಂದು ವಿಷಯ ಮರೆಯಬೇಡಿ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮೊದಲು ಪಂದ್ಯದ ದಿನವೇ ತೂಕ ನೋಡುತ್ತಿದ್ದರು, ಈಗ ಸಾಮಾನ್ಯವಾಗಿ ಹಿಂದಿನ ದಿನ. ನೀರು ಬಿಟ್ಟು ತೂಕ ಇಳಿಸಿ, ರಾತ್ರಿಯಿಡೀ ಕುಡಿದು ತಿಂದು, ಮರುದಿನ ಕೆಲವು ಕೆಜಿ ಹೆಚ್ಚಾಗಿಯೇ ರಿಂಗಿಗೆ ಬರುತ್ತಾರೆ. ಹಾಗಾಗಿ 1940ರ 66 ಕೆಜಿಯೂ ಇಂದಿನ 66 ಕೆಜಿಯೂ ಒಂದೇ ಅಲ್ಲ. ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್‌ನಲ್ಲಿ ಮಾತ್ರ ಈಗಲೂ ಪಂದ್ಯದ ದಿನ ಬೆಳಿಗ್ಗೆಯೇ ತೂಕ. ಅದಕ್ಕೇ ನಮ್ಮ 51 ಕೆಜಿ ಹುಡುಗ ಪಂದ್ಯದ ಹಿಂದಿನ ದಿನ ಮೆಸ್ಸಿಗೆ ಬಂದರೂ ಅರ್ಧ ರೊಟ್ಟಿ ಮುರಿದಿಟ್ಟು, ಉಳಿದದ್ದನ್ನು ಪೈಲ್ವಾನನ ತಾಟಿಗೆ ಸರಿಸುತ್ತಾನೆ.