ಬಗಾಟೆಲ್: ಸಿಂಫನಿಯೂ ಅಲ್ಲ, ಸೊನಾಟಾನೂ ಅಲ್ಲ

ಜರ್ಮನ್ ಸಂಗೀತಕಾರ ಬೀಥೋವನ್ ಬರೆದ ‘ಫ್ಯೂರ್ ಎಲೀಸ್’ ಎಲ್ಲಿ ಕೇಳಿಸಿದರೂ ‘ಬೀಥೋವನ್ ಸಿಂಫನಿ ಅಲ್ವಾ?’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಸ್ವಲ್ಪ ಓದಿಕೊಂಡವರು ‘ಸೊನಾಟಾ’ ಅಂತ ತಿದ್ದುತ್ತಾರೆ. ಎರಡೂ ಅಲ್ಲ. ಸಿಂಫನಿಗೆ ಇಡೀ ಆರ್ಕೆಸ್ಟ್ರಾ ಬೇಕು ಸ್ವಾಮಿ. ಸೊನಾಟಾ ಅಂದರೆ ಸಾಮಾನ್ಯವಾಗಿ ಹಲವು ಭಾಗಗಳ ದೊಡ್ಡ ರಚನೆ. ಇದು ಒಂದೇ ಪಿಯಾನೊದ ಮೂರು ನಿಮಿಷದ ಬಗಾಟೆಲ್, ಅಂದರೆ ಪುಟ್ಟ ರಚನೆ.

ಇಟಲಿಯ ‘ಬಗಾಟೆಲ್ಲಾ’ ಫ್ರೆಂಚಿಗೆ ಹೋಗಿ ‘ಬಗಾಟೆಲ್’ ಆಯಿತು. ಚಿಲ್ಲರೆ ವಸ್ತು, ಲೆಕ್ಕಕ್ಕಿಲ್ಲದ್ದು ಅಂತ ಅರ್ಥ. ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಚಿಮ್ಮಿಸಿ ಆಡುವ ಬ್ಯಾಗಟೆಲ್ ಬೋರ್ಡ್ ಇದೆಯಲ್ಲ, ಅದೂ ಇದೇ ಪದ. ಸಂಗೀತದಲ್ಲಿ 1717ರಷ್ಟು ಹಿಂದೆಯೇ ಫ್ರಾನ್ಸಿನ ಕೂಪರ‍್ಯಾಂ ತಮ್ಮ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ರಚನೆಯೊಂದಕ್ಕೆ ಈ ಹೆಸರಿಟ್ಟಿದ್ದರು. ಬೀಥೋವನ್ ಅಂತೂ ಮೂರು ಗುಚ್ಛ ಪ್ರಕಟಿಸಿದರು: ಓಪಸ್ (ಕೃತಿಗೆ ಕೊಡುವ ಸಂಖ್ಯೆ) 33, 119, 126. ಹೆಸರೇ ಚಿಲ್ಲರೆ ಅಂದಮೇಲೆ ಮರ್ಯಾದೆಯೂ ಅಷ್ಟಕ್ಕಷ್ಟೇ. 1823ರಲ್ಲಿ ಲೈಪ್‌ಜಿಗ್‌ನ ಪ್ರಕಾಶಕ ಪೀಟರ್ಸ್, ಇವು ನಿಮ್ಮವೆಂದರೆ ಯಾರೂ ನಂಬುತ್ತಿಲ್ಲ ಅಂತ ಕೆಲವನ್ನು ವಾಪಸ್ ಕಳಿಸಿದರು! ಬೀಥೋವನ್ ಬಿಡಲಿಲ್ಲ. 1824ರಲ್ಲಿ ಓಪಸ್ 126 ಮುಗಿಸಿ, ಈ ಬಗೆಯಲ್ಲಿ ನಾನು ಬರೆದವುಗಳಲ್ಲಿ ಬಹುಶಃ ಇವೇ ಉತ್ತಮ ಅಂತ ಬೇರೆ ಪ್ರಕಾಶಕರಿಗೆ ಬರೆದರು.

ಈಗ ನನಗೆ ಜಾಸ್ತಿ ತಲೆನೋವು ತಂದ ಗೊಂದಲ. ‘ಬಗಾಟೆಲ್ ಅಂದರೆ ರೊಂಡೋ’ ಅಂತ ಬರೆಯುತ್ತಾರೆ. ಅಲ್ಲ. ಬಗಾಟೆಲ್ ಹೇಳುವುದು ಗಾತ್ರ, ಗತ್ತು. ರೊಂಡೋ ಹೇಳುವುದು ಕಟ್ಟಡ: ನಡುವೆ ಬೇರೆ ಬೇರೆ ಭಾಗ ಬಂದರೂ ಮೊದಲ ಸಾಲು ಮತ್ತೆ ಮತ್ತೆ ಮರಳುವುದು. ಫ್ಯೂರ್ ಎಲೀಸ್‌ನಲ್ಲಿ ಎರಡೂ ಕೂಡಿವೆ, ಅಷ್ಟೇ. ಎಲ್ಲರಿಗೂ ಗೊತ್ತಿರುವ ಆ ತೊಯ್ದಾಡುವ ಸಾಲು ಎ ಮೈನರ್‌ನಲ್ಲಿ (‘ಎ’ ಸ್ವರ ಆಧಾರವಾಗಿರುವ ಶ್ರೇಣಿ) ಶುರುವಾಗುತ್ತದೆ. ಆಮೇಲೆ ಎಫ್ ಮೇಜರ್‌ನ ನಗುಮುಖದ ಭಾಗ. ಮತ್ತೆ ಮೊದಲ ಸಾಲು. ಆಮೇಲೆ ಎಡಗೈ ‘ಎ’ ಸ್ವರವನ್ನೇ ಬಡಿಯುತ್ತಾ ಇರುವ ಬಿಗಿಯಾದ ಭಾಗ. ಕೊನೆಗೆ ಮತ್ತೆ ಅದೇ ಸಾಲು. ರಿಂಗ್‌ಟೋನ್‌ನಲ್ಲಿ ಮೊದಲ ಸಾಲು ಬಿಟ್ಟು ಬೇರೇನೂ ಬರುವುದಿಲ್ಲ, ಹಾಗಾಗಿ ಇದು ರೊಂಡೋ ಅಂತ ಗೊತ್ತಾಗುವುದಾದರೂ ಹೇಗೆ?

‘ನಮ್ಮ ಪಲ್ಲವಿ ಇದ್ದ ಹಾಗೆ’ ಅನ್ನುವ ವಿವರಣೆಯೂ ಅರ್ಧ ಸರಿ. ಪಲ್ಲವಿಯೂ ಮರಳಿ ಬರುತ್ತದೆ, ನಿಜ. ಆದರೆ ಕೃತಿಯಲ್ಲಿ ಚರಣಕ್ಕೆ ಹೋದರೂ ಆಧಾರ ಶ್ರುತಿ ಕದಲುವುದಿಲ್ಲ. ತಂಬೂರಿ ಅಲ್ಲೇ ಕೂತಿರುತ್ತದೆ. ರೊಂಡೋದಲ್ಲಿ ಸಾಮಾನ್ಯವಾಗಿ ಆಧಾರವೇ ಜಾಗ ಬಿಟ್ಟು ಹೋಗಿ ವಾಪಸ್ ಬರುತ್ತದೆ. ಮೊದಲ ಸಾಲು ಬಂದಾಗ ಮನೆ ಸೇರಿದ ಹಾಗನಿಸುವುದು ಅದಕ್ಕೇ.

ಬಗಾಟೆಲ್ ಅಂದಮೇಲೆ ತಮಾಷೆ ಇರಲೇಬೇಕು ಅಂತಲೂ ಇಲ್ಲ. ಆಸ್ಟ್ರಿಯಾದ ಸಂಗೀತಕಾರ ವೆಬರ್ನ್‌ರ ಓಪಸ್ 9ರಲ್ಲಿ ಆರು ಬಗಾಟೆಲ್‌ಗಳಿವೆ, ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್‌ಗೆ ಬರೆದವು. ಆರೂ ಸೇರಿ ನಾಲ್ಕು ನಿಮಿಷದ ಆಸುಪಾಸು. ಅದನ್ನು ಕೇಳಿ ನಗುವವರಿದ್ದರೆ ಹೇಳಿ.

ತುಂಟ ರೊಂಡೋ ಬೇಕಿದ್ದರೆ ಬೀಥೋವನ್‌ರದೇ ಓಪಸ್ 129 ಕೇಳಿ. ‘ಕಳೆದುಹೋದ ಕಾಸಿನ ಮೇಲಿನ ಸಿಟ್ಟು’ ಅಂತ ಅದರ ಅಡ್ಡಹೆಸರು. ಅವರು ತೀರಿಕೊಂಡ ಮೇಲೆ, 1828ರಲ್ಲಿ ಅಚ್ಚಾಯಿತು. ಅಡ್ಡಹೆಸರು ಅವರು ಇಟ್ಟದ್ದಲ್ಲ. ಅವರು ಬರೆದದ್ದು ‘ಹೆಚ್ಚುಕಡಿಮೆ ಕಪ್ರಿಚ್ಚೋ’ (ಮನಬಂದಂತೆ ಸಾಗುವ ಲಹರಿಯ ರಚನೆ) ಅಂತ. ಬಗಾಟೆಲ್ ಅಂತ ಅಲ್ಲ.