ಕರೆಂಟ್ ಬಂದರೂ ರೆಪ್ಪೆ ಯಾಕೆ ಏಳುವುದಿಲ್ಲ?

ಮಳೆ ಹಿಡಿದ ಮೇಲೆ ಮುಧೋಳ, ಜಮಖಂಡಿ ಕಡೆಯ ತೋಟದ ವಸ್ತಿಗಳಲ್ಲಿ ಕಟ್ಟುಹಾವಿನ ಭಯ ಜಾಸ್ತಿ. ಕಪ್ಪು ಮೈ, ಅಡ್ಡಡ್ಡ ಸಣ್ಣ ಬಿಳಿ ಪಟ್ಟೆ. ಹಗಲು ಎಲ್ಲೋ ಸುಮ್ನೆ ಮುದುಡಿಕೊಂಡಿದ್ದು ರಾತ್ರಿ ಹೊರಬೀಳುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ಅವರಿಗೆ ಎಚ್ಚರವೂ ಆಗುವುದಿಲ್ಲ. ಬಾವಿಲ್ಲ, ಉರಿಯಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲು ಆಗುವುದಿಲ್ಲ. ಅಷ್ಟರಲ್ಲಿ ಮನೆಯವರು ಮಂತ್ರ ಹಾಕಿಸುತ್ತಿರುತ್ತಾರೆ, ಬೇವಿನ ಎಲೆ ಅಗಿಸಿ ಕಹಿ ಹತ್ತಿತೇ ಎಂದು ಕೇಳುತ್ತಿರುತ್ತಾರೆ. ಹೀಗೆ ಹೋಗುವ ಒಂದೊಂದು ಗಂಟೆಯನ್ನು ನೆನೆದರೆ ಸಂಕಟವಾಗುತ್ತದೆ. ಕಹಿ ನಾಲಗೆಯ ವಿಚಾರ. ಈ ವಿಷದ ಕೆಲಸ ನರ ಮತ್ತು ಸ್ನಾಯುವಿನ ನಡುವಿನ ಸಂದಿನಲ್ಲಿ. ಆ ಸಂದಿನ ಅಗಲ ಒಂದು ಮಿಲಿಮೀಟರ್‌ನ ಸುಮಾರು 20,000ದಲ್ಲಿ ಒಂದು ಪಾಲು!

ನರದಲ್ಲಿ ಕರೆಂಟ್ ಹರಿಯುತ್ತದೆ ಅಂತೇವೆ, ಅಲ್ವಾ? ತಾಮ್ರದ ತಂತಿಯಲ್ಲಿ ಹರಿದಂತೆ ಅಲ್ಲಿ ಏನೂ ಹರಿಯುವುದಿಲ್ಲ. ನರಕೋಶದ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಸುಮ್ಮನಿದ್ದಾಗ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ. ಸಂದೇಶ ಬಂದ ಕಡೆ ಪೊರೆಯ ದ್ವಾರಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ಒಳಭಾಗ ಕ್ಷಣ ಮಾತ್ರ ಧನವಾಗುತ್ತದೆ. ಪೊಟ್ಯಾಸಿಯಂ ಹೊರಬಿದ್ದು ಮತ್ತೆ ಮೊದಲಿನಂತಾಗುತ್ತದೆ. ಎಲ್ಲ ಸೇರಿ ಒಂದೆರಡು ಮಿಲಿಸೆಕೆಂಡ್. ಅಷ್ಟರಲ್ಲಿ ಪಕ್ಕದ ದ್ವಾರಗಳು ತೆರೆದಿರುತ್ತವೆ.

ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಹತ್ತಿದ್ದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಉರಿಯುವ ಎಲೆ ಪಕ್ಕದ ಎಲೆಗೆ ಹಚ್ಚುತ್ತದೆ. ಈ ಬದುವಿನಲ್ಲಿದ್ದಷ್ಟೇ ಜೋರಾಗಿ ಆ ಬದುವಿನಲ್ಲೂ ಉರಿಯುತ್ತದೆ, ದಾರಿಯಲ್ಲಿ ಬಡವಾಗುವುದಿಲ್ಲ. ಸುಟ್ಟ ಜಾಗಕ್ಕೆ ತಿರುಗಿ ಬರುವುದೂ ಇಲ್ಲ. ನರದಲ್ಲೂ ಆಗಷ್ಟೇ ತೆರೆದು ಮುಚ್ಚಿದ ದ್ವಾರ ತಕ್ಷಣ ಮತ್ತೆ ತೆರೆಯದು, ಹಾಗಾಗಿ ಸಂದೇಶ ಮುಂದಕ್ಕೇ ಹೋಗುತ್ತದೆ. ಆದರೆ ನರ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಇನ್ನೊಂದು ಸಂದೇಶಕ್ಕೆ ತಯಾರು. ಇದರ ವೇಗ ಅಳೆಯಲಿಕ್ಕೇ ಆಗದು ಎನ್ನುವವರಿದ್ದರು. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅಳೆದೇಬಿಟ್ಟರು, ಸೆಕೆಂಡಿಗೆ ಸುಮಾರು 27 ಮೀಟರ್. ಕೊಬ್ಬಿನ ಹೊದಿಕೆಯಿರುವ ನಮ್ಮ ದಪ್ಪ ನರಗಳಲ್ಲಿ ಇದು 100 ಮೀಟರ್ ದಾಟುತ್ತದೆ.

ನರದ ತುದಿಯಲ್ಲಿ ಈ ಓಟ ನಿಲ್ಲುತ್ತದೆ. ಮುಂದಿನದು ರಾಸಾಯನಿಕದ ಕೆಲಸ. ಇದನ್ನು ತೋರಿಸಿದ್ದು ಆಸ್ಟ್ರಿಯಾದ ಓಟೊ ಲೋವಿ, 1921ರಲ್ಲಿ. ಕಪ್ಪೆಯ ಒಂದು ಹೃದಯದ ನರವನ್ನು ಪ್ರಚೋದಿಸಿ ಬಡಿತ ನಿಧಾನ ಮಾಡಿದರು. ಅದು ಮಿಡಿಯುತ್ತಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಕೊಟ್ಟರು. ಅದಕ್ಕೆ ಯಾವ ಪ್ರಚೋದನೆಯೂ ಇರಲಿಲ್ಲ, ಆದರೂ ನಿಧಾನವಾಯಿತು! ದ್ರವದಲ್ಲಿದ್ದದ್ದು ನರದ ತುದಿ ಬಿಟ್ಟ ರಾಸಾಯನಿಕ, ಅಸಿಟೈಲ್‌ಕೋಲಿನ್. ಪ್ರಯೋಗ ಹೊಳೆದದ್ದು ಕನಸಿನಲ್ಲಂತೆ. ಮೊದಲ ರಾತ್ರಿ ನಿದ್ದೆಗಣ್ಣಲ್ಲಿ ಗೀಚಿದ್ದು ಬೆಳಿಗ್ಗೆ ಓದಲು ಬಾರದೆ, ಮರುರಾತ್ರಿ ಅದೇ ಹೊಳೆದಾಗ ನೇರ ಪ್ರಯೋಗಾಲಯಕ್ಕೆ ನಡೆದರೆಂದು ಅವರೇ ಹೇಳಿಕೊಂಡಿದ್ದಾರೆ.

ನಮ್ಮ ಸ್ನಾಯುಗಳ ಮುಂದೆಯೂ ಅದೇ ಅಸಿಟೈಲ್‌ಕೋಲಿನ್. ಸಂದೇಶ ತುದಿಗೆ ಬಂದಾಗ ಕ್ಯಾಲ್ಸಿಯಂ ಒಳಬರುತ್ತದೆ, ಸಣ್ಣ ಚೀಲಗಳು ಒಡೆದು ಅದನ್ನು ಸಂದಿಗೆ ಚೆಲ್ಲುತ್ತವೆ. ಆಚೆ ದಡದಲ್ಲಿ, ಸ್ನಾಯುವಿನ ಮೇಲೆ, ಅದನ್ನು ಹಿಡಿದುಕೊಳ್ಳುವ ಅಣುಗಳಿವೆ, ಅವೇ ಗ್ರಾಹಕಗಳು; ಅವುಗಳಿಗೆ ಅದು ಅಂಟಿದರೆ ಸ್ನಾಯು ಸೆಳೆಯುತ್ತದೆ. ನಾಗರಹಾವಿನ ವಿಷ ಆ ಗ್ರಾಹಕಗಳ ಮೇಲೆ ತಾನೇ ಕೂತುಬಿಡುತ್ತದೆ. ಕಟ್ಟುಹಾವಿನದು ಇನ್ನೂ ಕೆಟ್ಟದ್ದು, ನರದ ತುದಿಯನ್ನೇ ಹಾಳುಮಾಡುತ್ತದೆ. ಮಿದುಳು ಆಜ್ಞೆ ಕೊಡುತ್ತಲೇ ಇರುತ್ತದೆ, ನರ ಅದನ್ನು ತರುತ್ತಲೇ ಇರುತ್ತದೆ, ರೆಪ್ಪೆ ಏಳುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುವೂ ನಿಲ್ಲುತ್ತದೆ. ಸತ್ತಂತೆ ಕಾಣುವ ಆ ಮನುಷ್ಯನಿಗೆ ಸುತ್ತಲಿನ ಮಾತು ಕೇಳಿಸುತ್ತಿರಬಹುದು.

ಮಂತ್ರದಿಂದ ಉಳಿದವರೂ ಇದ್ದಾರಲ್ಲ ಎನ್ನುತ್ತಾರೆ. ಹೆಚ್ಚಿನ ಹಾವುಗಳಿಗೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಹೇಗೂ ಉಳಿಯುತ್ತಿದ್ದರು.

ಆಸ್ಪತ್ರೆಯ ಇಂಜೆಕ್ಷನ್ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ, ಹಾಳಾದ ತುದಿಯನ್ನು ರಿಪೇರಿ ಮಾಡದು. ಅದಕ್ಕೇ ಬೇಗ ಹಾಕಿಸಬೇಕು. ತುದಿಗಳು ತಾವಾಗಿಯೇ ಮತ್ತೆ ಚಿಗುರುತ್ತವೆ, ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಉಸಿರು ವೆಂಟಿಲೇಟರ್‌ನದು. ರೆಪ್ಪೆ ಜೋತದ್ದು ಕಂಡರೆ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರುಮಾಡಿಸಿ, ವೆಂಟಿಲೇಟರ್ ಇರುವ ಕಡೆ ಒಯ್ಯಿರಿ. ಮಳೆಗಾಲದಲ್ಲಿ ಹೊರಸಿನ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಗಿಸಿ.