ರೀಬೂಟ್ ಆದ ಮೇಲೆ ಏನು ಉಳಿಯಿತು?

"ಅಣ್ಣ, ಎಲ್ಲಾ ಪ್ರಶ್ನೆನೂ ಮಾಡಿದ್ದೆ. ಒಂದೊಂದನ್ನೂ ನೋಡಿ ನೋಡಿ ಮುಗಿಸಿದ್ದೆ. ಆದ್ರೂ ಫೇಲ್ ಅಂತ ಬಂದಿದೆ."

ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ (ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಮ್) ಪರೀಕ್ಷೆ ಬರೆದಿದ್ದ ಮಧುಗಿರಿಯ ಹುಡುಗನೊಬ್ಬ ಹೋದ ತಿಂಗಳು ಫೋನ್ ಮಾಡಿ ಹೀಗೆ ಹೇಳಿದ. ದನಿ ನಡುಗುತ್ತಿತ್ತು. ಅಕ್ಕನ ಹತ್ತಿರ ಕೈಸಾಲ ಮಾಡಿ ಫೀಸು ಕಟ್ಟಿದ್ದ. ನಾನು ಕೇಳಿದ್ದು ಒಂದೇ ಮಾತು. "ಮುಗಿಸೋಕೆ ಮುಂಚೆ ಮಿಷಿನ್ ರೀಬೂಟ್ ಮಾಡಿ ನೋಡಿದ್ಯೇನಪ್ಪಾ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಹದಿನಾಲ್ಕು ವರ್ಷದಿಂದ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ವಾರವೆಲ್ಲ ತುಮಕೂರು–ಬೆಂಗಳೂರು ರೈಲಿನಲ್ಲಿ ಓಡಾಟ. ಭಾನುವಾರ ಮಾತ್ರ ಮನೆಯ ಮಹಡಿ ಮೇಲೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ, ಅಂದರೆ ಲಿನಕ್ಸ್ ಸಿಸ್ಟಮ್ ನೋಡಿಕೊಳ್ಳುವವರ ಪರೀಕ್ಷೆಗೆ ತಯಾರಿ ಮಾಡಿಸುತ್ತೇನೆ. ಬಿಇ ಆದವರು, ಡಿಪ್ಲೊಮಾ ಆದವರು, ಬಿಸಿಎ ಓದುತ್ತಿರುವವರು ಎಲ್ಲರೂ ಇದ್ದಾರೆ. ಪಾವಗಡ, ಶಿರಾ, ಗುಬ್ಬಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಾರೆ.

ಈ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪ್ರಶ್ನೆ ಒಂದೂ ಇರುವುದಿಲ್ಲ. ನಿಜವಾದ ಲಿನಕ್ಸ್ ಮಿಷಿನ್ ಕೊಡುತ್ತಾರೆ, ಮಾಡಬೇಕಾದ ಕೆಲಸಗಳನ್ನು ಹೇಳುತ್ತಾರೆ. ಒಟ್ಟು 300 ಅಂಕ, ಪಾಸಾಗಲು 210 ಬೇಕು. ಇಂಟರ್ನೆಟ್ ಇಲ್ಲ, ಪುಸ್ತಕ ಇಲ್ಲ, ಚೀಟಿ ಇಲ್ಲ. ಪಾಸಾದರೆ ಸರ್ಟಿಫಿಕೇಟ್ 3 ವರ್ಷ ಚಾಲ್ತಿಯಲ್ಲಿರುತ್ತದೆ. ಮುಖ್ಯವಾದ ಮಾತು ಇನ್ನೊಂದಿದೆ. ನೀವು ಮಾಡಿದ ಕೆಲಸ ರೀಬೂಟ್ ಆದ ಮೇಲೂ ಹಾಗೇ ನಿಂತಿರಬೇಕು ಅಂತ ಪರೀಕ್ಷೆಯ ನಿಯಮವೇ ಹೇಳುತ್ತದೆ. ಕಷ್ಟಪಟ್ಟು ಟೈಪ್ ಮಾಡಿದ ಕಮಾಂಡಿಗೆ ಅಂಕ ಇಲ್ಲ. ಮಿಷಿನ್ ಆಫ್ ಆಗಿ ಆನ್ ಆದ ಮೇಲೆ ಅದರಲ್ಲಿ ಏನು ಉಳಿದಿದೆಯೋ ಅದಕ್ಕೆ ಅಂಕ.

ಇದು ಅನ್ಯಾಯ ಅಂತ ಕೆಲವು ಮಕ್ಕಳಿಗೆ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಂಪನಿಯ ಡೇಟಾಬೇಸ್ ಸರ್ವರಿಗೆ ಹೊಸ ಡಿಸ್ಕ್ ಜೋಡಿಸಿದೆ. ಕೈಯಲ್ಲೇ ಮೌಂಟ್ ಮಾಡಿದೆ, ಅಂದರೆ ಅದನ್ನು ಒಂದು ಡೈರೆಕ್ಟರಿಗೆ ಸೇರಿಸಿದೆ, ಎಲ್ಲಾ ಚೆನ್ನಾಗಿ ನಡೆಯಿತು. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಸೇರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಸಾಲು ಬರೆಯುವುದನ್ನು ಮರೆತೆ. ಎಂಟು ತಿಂಗಳಾದ ಮೇಲೆ ಪ್ಯಾಚಿಂಗ್‌ಗೆ (ಸಾಫ್ಟ್‌ವೇರ್ ತಿದ್ದುಪಡಿ ಹಾಕಲು) ಅಂತ ರಾತ್ರಿ ಎರಡು ಗಂಟೆಗೆ ಆ ಸರ್ವರ್ ರೀಬೂಟ್ ಮಾಡಿದರು. ಡೇಟಾ ಇರಬೇಕಾದ ಡೈರೆಕ್ಟರಿ ಖಾಲಿ. ಡೇಟಾ ಹೋಗಿರಲಿಲ್ಲ, ಡಿಸ್ಕ್ ಮೌಂಟ್ ಆಗಿರಲಿಲ್ಲ ಅಷ್ಟೇ. ಆದರೆ ಅದು ಗೊತ್ತಾಗುವವರೆಗೆ ಅಲ್ಲಿದ್ದವರು ಪಟ್ಟ ಪಾಡು ನನಗೆ ಮರೆತಿಲ್ಲ. ಆ ರಾತ್ರಿ ಡ್ಯೂಟಿಯಲ್ಲಿ ಇದ್ದದ್ದು ನಾನಲ್ಲ, ಬೇರೆ ಯಾರೋ. ನನ್ನ ತಪ್ಪಿಗೆ ಅವರು ನಿದ್ದೆಗೆಟ್ಟರು.

ಹಾಗಾಗಿ ನಮ್ಮ ಮಹಡಿಯಲ್ಲಿ ಮೊದಲ ತಿಂಗಳು ಇದೊಂದೇ ಪಾಠ. ಯಾವುದು ಈಗಿನ ಮಟ್ಟಿಗೆ, ಯಾವುದು ಶಾಶ್ವತ?

ಸರ್ವಿಸ್ ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಅದನ್ನು ನಡೆಸುವ ಸಿಸ್ಟಮ್‌ಸಿಟಿಎಲ್ ಕಮಾಂಡಿನಲ್ಲಿ ಸ್ಟಾರ್ಟ್ ಅಂದರೆ ಸರ್ವಿಸ್ ಈಗ ಶುರುವಾಗುತ್ತದೆ. ಎನೇಬಲ್ ಅಂದರೆ ಮುಂದಿನ ಬೂಟ್‌ನಲ್ಲಿ ತಾನೇ ಶುರುವಾಗುತ್ತದೆ. ಎರಡೂ ಬೇಕು. ಎನೇಬಲ್ ಜೊತೆಗೆ 'ನೌ' ಅಂತ ಸೇರಿಸಿದರೆ ಒಂದೇ ಏಟಿಗೆ ಎರಡೂ ಆಗುತ್ತದೆ. ನೆಟ್‌ವರ್ಕಿನ ಬಾಗಿಲುಗಳನ್ನು, ಅಂದರೆ ಪೋರ್ಟ್‌ಗಳನ್ನು, ಕಾಯುವ ಫೈರ್‌ವಾಲ್ ಸ್ವಲ್ಪ ಮೋಸ ಮಾಡುತ್ತದೆ. ಪರ್ಮನೆಂಟ್ ಅಂತ ಹೇಳದಿದ್ದರೆ ಪೋರ್ಟ್ ಈಗ ತೆರೆಯುತ್ತದೆ, ರೀಬೂಟ್ ಆದ ಮೇಲೆ ಮುಚ್ಚಿಹೋಗುತ್ತದೆ. ಪರ್ಮನೆಂಟ್ ಅಂತ ಹೇಳಿ ರೀಲೋಡ್ ಮಾಡದಿದ್ದರೆ ಉಲ್ಟಾ, ಈಗ ಮುಚ್ಚಿರುತ್ತದೆ, ಆಮೇಲೆ ತೆರೆಯುತ್ತದೆ. ಐಪಿ ಕಮಾಂಡಿನಿಂದ ಹಾಕಿದ ನೆಟ್‌ವರ್ಕ್ ವಿಳಾಸ ರೀಬೂಟ್‌ಗೆ ಹೋಗಿಬಿಡುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ ಉಳಿಸುವ ಎನ್‌ಎಂಸಿಎಲ್‌ಐ ಕಮಾಂಡಿನಲ್ಲಿ ಕನೆಕ್ಷನ್ ಅನ್ನೇ ಬದಲಿಸಿದರೆ ನಿಲ್ಲುತ್ತದೆ. ರ‍್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗವಾದ ಸ್ವಾಪ್ ಕೂಡ ಹಾಗೇ, ಬರೀ ಆನ್ ಮಾಡಿದರೆ ಸಾಲದು, ಎಫ್‌ಎಸ್‌ಟ್ಯಾಬ್‌ಗೆ ಸೇರಬೇಕು.

ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಲೇಬಲ್ ನೋಡಿ ಕಾಯುವ ಎಸ್‌ಇ ಲಿನಕ್ಸ್‌ಗೆ ಮಾತ್ರ ಹೆಚ್ಚು ಹೊತ್ತು ಕೊಡಿ ಅಂತ ಕೈಮುಗಿದು ಕೇಳುತ್ತೇನೆ. ಸುಮಾರು ಜನ ಇದಕ್ಕೆ ಹೆದರಿ ಪರ್ಮಿಸಿವ್‌ಗೆ, ಅಂದರೆ ತಡೆಯದೆ ಬರೀ ದಾಖಲಿಸುವ ಸ್ಥಿತಿಗೆ, ಹಾಕಿ ಕೂರುತ್ತಾರೆ. ಬೇಡ. ವೆಬ್ ಸರ್ವರಿನ ಫೈಲುಗಳನ್ನು ಬೇರೆ ಡೈರೆಕ್ಟರಿಯಲ್ಲಿ ಇಟ್ಟರೆ ಅದಕ್ಕೆ ಸರಿಯಾದ ಲೇಬಲ್ ಬೇಕು. ಸಿಎಚ್‌ಕಾನ್ ಕಮಾಂಡಿನಲ್ಲಿ ಲೇಬಲ್ ಹಾಕಿದರೆ ಪೇಜ್ ಬರುತ್ತದೆ, ರೀಬೂಟ್ ಆದರೂ ಬರುತ್ತದೆ. ಆದರೆ ಲೇಬಲ್‌ಗಳನ್ನು ನಿಯಮದಂತೆ ಮತ್ತೆ ಹಾಕುವ ರಿಸ್ಟೋರ್‌ಕಾನ್ ಯಾರಾದರೂ ಓಡಿಸಿದರೆ ಅಥವಾ ಇಡೀ ಮಿಷಿನ್ ರೀಲೇಬಲ್ ಆದರೆ ಅದು ಅಳಿಸಿಹೋಗುತ್ತದೆ. ಎಸ್‌ಇ ಮ್ಯಾನೇಜ್‌ನಲ್ಲಿ ನಿಯಮ ಬರೆದು, ಆಮೇಲೆ ರಿಸ್ಟೋರ್‌ಕಾನ್ ಓಡಿಸಿದರೆ ಯಾರೂ ಅಲ್ಲಾಡಿಸಲು ಆಗುವುದಿಲ್ಲ. ಮರೆತುಹೋದ ರೂಟ್ (ಮಿಷಿನ್‌ನ ಪೂರ್ತಿ ಅಧಿಕಾರ ಇರುವ ಖಾತೆ) ಪಾಸ್‌ವರ್ಡ್ ಬದಲಿಸುವುದನ್ನು ಕಲಿಯುವಾಗಲೂ ಇದೇ ಎಡವಟ್ಟು. ಬೂಟ್ ಆಗುವಾಗ ನಡುವೆ ತಡೆದು ಪಾಸ್‌ವರ್ಡ್ ಬದಲಿಸುತ್ತಾರೆ. ಮುಂದಿನ ಬೂಟ್‌ನಲ್ಲಿ ಲೇಬಲ್‌ಗಳನ್ನೆಲ್ಲ ಮತ್ತೆ ಹಾಕಿಸುವ ಆಟೋರೀಲೇಬಲ್ ಅನ್ನುವ ಖಾಲಿ ಫೈಲ್ ಇಡುವುದನ್ನು ಮರೆಯುತ್ತಾರೆ. ಪಾಸ್‌ವರ್ಡ್ ಇರುವ ಶ್ಯಾಡೋ ಫೈಲಿನ ಲೇಬಲ್ ಕೆಟ್ಟಿರುತ್ತದೆ. ಹೊಸ ಪಾಸ್‌ವರ್ಡ್ ಸರಿಯಾಗಿಯೇ ಹೊಡೆದರೂ ಒಳಗೆ ಬಿಡುವುದಿಲ್ಲ.

ನನ್ನ ಹತ್ತಿರ ಕಲಿತವರಲ್ಲಿ ಮೊದಲು ಪಾಸಾದದ್ದು ಕೊರಟಗೆರೆ ಕಡೆಯ ಒಬ್ಬ ಹುಡುಗಿ. ಮನೆಯಲ್ಲಿ ಹಳೇ ಡೆಸ್ಕ್‌ಟಾಪ್, ಯುಪಿಎಸ್ ಇಲ್ಲ. ಮಳೆಗಾಲದಲ್ಲಿ ಸಂಜೆ ಮೂರು ನಾಲ್ಕು ಸಲ ಕರೆಂಟ್ ಹೋಗೋದು. ಪ್ರತಿ ಸಲ ಬಂದಾಗ ಮಿಷಿನ್ ಆನ್ ಮಾಡಿ, ತಾನು ಮಾಡಿದ್ದರಲ್ಲಿ ಏನು ಉಳಿದಿದೆ, ಏನು ಹೋಗಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಹೋದದ್ದು ಯಾಕೆ ಹೋಯಿತು ಅಂತ ಹುಡುಕುತ್ತಿದ್ದಳು. ಆ ನೋಟ್‌ಬುಕ್ ನೋಡಿದ ಮೇಲೆಯೇ ನನಗೂ ಹೇಗೆ ಕಲಿಸಬೇಕು ಅಂತ ಹೊಳೆದದ್ದು. ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಮನೆಯ ಕಂಪ್ಯೂಟರಿನ ಸ್ವಿಚ್ ಕೀಳಬೇಡಿ, ಅದರೊಳಗೆ ಸಾಫ್ಟ್‌ವೇರ್‌ನಲ್ಲೇ ಓಡುವ ವರ್ಚುವಲ್ ಮಿಷಿನ್ ಅನ್ನು ಅರ್ಧ ಗಂಟೆಗೊಮ್ಮೆ ರೀಸೆಟ್ ಮಾಡಿ. ಆಮೇಲೆ ಪಟ್ಟಿ ಹಿಡಿದು ನೋಡಿ.

ಎಫ್‌ಎಸ್‌ಟ್ಯಾಬ್ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿ ಒಂದು ಅಕ್ಷರ ತಪ್ಪಾದರೂ ಮಿಷಿನ್ ಮೇಲೇಳದೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲಬಹುದು. ಮೇಲೇಳದ ಮಿಷಿನ್‌ನಲ್ಲಿ ನೀವು ಮಾಡಿದ ಬೇರೆ ಕೆಲಸಕ್ಕೂ ಅಂಕ ಸಿಗುವುದಿಲ್ಲ. ಡಿಸ್ಕಿನ ಉದ್ದನೆಯ ಗುರುತಿನ ಸಂಖ್ಯೆಯಾದ ಯುಯುಐಡಿಯನ್ನು ಕಣ್ಣಿಂದ ನೋಡಿ ಟೈಪ್ ಮಾಡಬೇಡಿ, ಕಮಾಂಡಿನಿಂದಲೇ ಫೈಲಿಗೆ ಸೇರಿಸಿಕೊಳ್ಳಿ. ಆಮೇಲೆ ಅದರಲ್ಲಿರುವುದನ್ನು ಈಗಲೇ ಮೌಂಟ್ ಮಾಡಿ ನೋಡುವ 'ಮೌಂಟ್ ಮೈನಸ್ ಎ' ಓಡಿಸಿ. ಆ ಫೈಲಿನ ತಪ್ಪು ಹುಡುಕುವ ಫೈಂಡ್‌ಮೌಂಟ್‌ನ ವೆರಿಫೈ ಓಡಿಸಿ. ಎರಡರಲ್ಲೂ ತಪ್ಪು ತೋರಿಸದಿದ್ದರೆ ಮಾತ್ರ ರೀಬೂಟ್. ಎಮರ್ಜೆನ್ಸಿ ಮೋಡ್‌ನಿಂದ ಹೊರಗೆ ಬರುವುದನ್ನೂ ಬೇಕಂತಲೇ ತಪ್ಪು ಬರೆದು ಹತ್ತು ಸಲ ಮಾಡಿ ನೋಡಿ. ಆ ಕಪ್ಪು ಸ್ಕ್ರೀನ್ ಮೊದಲ ಸಲ ಪರೀಕ್ಷೆಯಲ್ಲೇ ಕಾಣಬಾರದು.

ಇನ್ನು ಇಂಗ್ಲಿಷ್ ಭಯ. ಕನ್ನಡ ಮೀಡಿಯಂನಿಂದ ಬಂದವರು ಮೊದಲು ಕೇಳುವುದೇ ಇದನ್ನು. "ಸಾರ್, ಇಷ್ಟೊಂದು ಕಮಾಂಡ್, ಎಲ್ಲಾ ಇಂಗ್ಲಿಷ್, ಬಾಯಿಪಾಠ ಹೇಗೆ?" ಬಾಯಿಪಾಠ ಬೇಡವೇ ಬೇಡ. ಪರೀಕ್ಷೆಯಲ್ಲಿ ಮಿಷಿನ್ ಒಳಗಿರುವ ಮ್ಯಾನ್ ಪೇಜ್, ಅಂದರೆ ಕಮಾಂಡುಗಳ ಕೈಪಿಡಿ, ನೋಡಬಹುದು. ಅದು ನಿಮ್ಮ ಹಕ್ಕು. ಪೂರ್ತಿ ಓದಲು ಹೋಗಬೇಡಿ, ತಲೆ ಕೆಡುತ್ತದೆ. ಒಳಗೆ ಹೋಗಿ ಸ್ಲ್ಯಾಶ್ ಒತ್ತಿ ಎಕ್ಸಾಂಪಲ್ ಅಂತ ದೊಡ್ಡಕ್ಷರದಲ್ಲಿ ಹುಡುಕಿ. ಎಸ್‌ಇ ಮ್ಯಾನೇಜ್‌ನ ಎಫ್‌ಕಾಂಟೆಕ್ಸ್ಟ್ ಪುಟದಲ್ಲಿ ನಿಮಗೆ ಬೇಕಾದ ಸಾಲು ಹಾಗೇ ಇದೆ. ಡೈರೆಕ್ಟರಿಯ ಹೆಸರು ಬದಲಿಸಿ, ಸರಿಯಾದ ಲೇಬಲ್ ಹಾಕಿಕೊಂಡರೆ ಆಯಿತು. ಎನ್‌ಎಂಸಿಎಲ್‌ಐಗೆ ಎಕ್ಸಾಂಪಲ್ಸ್ ಅಂತಲೇ ಪ್ರತ್ಯೇಕ ಪುಟ ಇದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾಂಟ್ಯಾಬ್ ಬೇಕಾದರೆ ಐದನೇ ಭಾಗದ ಪುಟ ನೋಡಿ, ಒಂದನೆಯದರಲ್ಲಿ ಸಮಯ ಬರೆಯುವ ರೀತಿ ಸಿಗುವುದಿಲ್ಲ. ಹೆಸರೇ ನೆನಪಿಲ್ಲದಿದ್ದರೆ ವಿಷಯದ ಪದ ಕೊಟ್ಟು ಹುಡುಕುವ 'ಮ್ಯಾನ್ ಮೈನಸ್ ಕೆ' ಇದೆ. ಅದು ಏನೂ ಸಿಗಲಿಲ್ಲ ಅಂದರೆ ಮೊದಲು ಅದರ ಹುಡುಕುವ ಪಟ್ಟಿ ಕಟ್ಟುವ ಮ್ಯಾನ್‌ಡಿಬಿ ಓಡಿಸಿ. ನಾನು ಇವೆಲ್ಲ ಓದಿದ್ದು ರೈಲಿನಲ್ಲಿ, ಫೋನಿಗೆ ಲಿನಕ್ಸ್ ಕಮಾಂಡ್ ಓಡಿಸುವ ಟರ್ಮಕ್ಸ್ ಆಪ್ ಹಾಕಿಕೊಂಡು. ಫೈಲ್ ಹುಡುಕುವ ಫೈಂಡ್, ಫೈಲಿನೊಳಗೆ ಪದ ಹುಡುಕುವ ಗ್ರೆಪ್, ಫೈಲುಗಳನ್ನು ಒಟ್ಟಿಗೆ ಕಟ್ಟಿಡುವ ಟಾರ್ ಇಷ್ಟನ್ನು ಕ್ಯಾತಸಂದ್ರ ದಾಟಿ ಯಶವಂತಪುರ ಬರುವಷ್ಟರಲ್ಲಿ ದಿನಾ ಅಭ್ಯಾಸ ಮಾಡಬಹುದು.

ಲ್ಯಾಬಿಗೆ ದುಡ್ಡು ಬೇಡ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ತಲಾ 2 ಜಿಬಿಯ ಎರಡು ವರ್ಚುವಲ್ ಮಿಷಿನ್, ಒಂದಕ್ಕೆ 10 ಜಿಬಿಯ ಖಾಲಿ ಡಿಸ್ಕ್ ಹೆಚ್ಚುವರಿ. ಡಿಸ್ಕಿನ ಜಾಗ ಹಂಚಿ ಹಿಗ್ಗಿಸುವ ಎಲ್‌ವಿಎಂ ಆಟವೆಲ್ಲ ಅದರ ಮೇಲೆ. ರೆಡ್ ಹ್ಯಾಟ್‌ನವರೇ ಡೆವಲಪರ್ ಸಬ್‌ಸ್ಕ್ರಿಪ್ಷನ್ ಪುಕ್ಕಟೆ ಕೊಡುತ್ತಾರೆ. ರೆಡ್ ಹ್ಯಾಟ್ ಲಿನಕ್ಸನ್ನೇ ಹೋಲುವ ಆಲ್ಮಾ ಅಥವಾ ರಾಕಿ ಲಿನಕ್ಸ್ ಹಾಕಿಕೊಂಡರೂ ಆದೀತು. ಇನ್‌ಸ್ಟಾಲ್ ಮಾಡಲು ಬೇಕಾದ ಪೂರ್ತಿ ಡಿವಿಡಿ ಐಎಸ್‌ಒ ಫೈಲ್ ಸುಮಾರು 10 ಜಿಬಿ ಇದೆ. ಫೋನ್ ಡೇಟಾದಲ್ಲಿ ಇಳಿಸಲು ಕಷ್ಟ ಅಲ್ವಾ? ನಮ್ಮಲ್ಲಿ ಒಬ್ಬರು ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಂಚುತ್ತಾರೆ. ಪೆನ್‌ಡ್ರೈವ್ ಫ್ಯಾಟ್ 32 ಫಾರ್ಮ್ಯಾಟ್‌ನಲ್ಲಿ ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಆ ಐಎಸ್‌ಒವನ್ನೇ ಮೌಂಟ್ ಮಾಡಿ ರೆಪೊ (ಸಾಫ್ಟ್‌ವೇರ್ ಪ್ಯಾಕೇಜ್ ಸಿಗುವ ಜಾಗ) ಮಾಡಿಕೊಂಡರೆ ನೆಟ್ ಇಲ್ಲದೆಯೂ ಪ್ಯಾಕೇಜ್ ಹಾಕಬಹುದು. ಹಾಗೆ ರೆಪೊ ಫೈಲ್ ಕೈಯಲ್ಲಿ ಬರೆಯುವುದೂ ಸಿಲಬಸ್‌ನಲ್ಲೇ ಇರುವ ಕೆಲಸ.

ಸಿಲಬಸ್ ಅಂದೆನಲ್ಲ, ಅದನ್ನು ರೆಡ್ ಹ್ಯಾಟ್ ತನ್ನ ಸೈಟಿನಲ್ಲೇ ಹಾಕುತ್ತದೆ. ಲಿನಕ್ಸ್ ಆವೃತ್ತಿ ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ. ನೀವು ಬರೆಯುವುದು ಯಾವ ಆವೃತ್ತಿಯ ಪರೀಕ್ಷೆ ಅಂತ ನೋಡಿಕೊಂಡು ಆ ಪಟ್ಟಿಯನ್ನೇ ಹಿಡಿಯಿರಿ. ವಾಟ್ಸಾಪಿನಲ್ಲಿ 'ನಿಜವಾದ ಪ್ರಶ್ನೆಪತ್ರಿಕೆ' ಅಂತ ದುಡ್ಡಿಗೆ ಮಾರುವ ಡಂಪ್ ಮುಟ್ಟಬೇಡಿ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಕೊಂಡೇ ಎಲ್ಲರೂ ಪರೀಕ್ಷೆಗೆ ಕೂರುತ್ತಾರೆ. ಆ ಮಾತು ಮುರಿದವರ ಸರಕು ಅದು.

ಮನೆಯಿಂದಲೇ ಬರೆಯುವುದಾದರೆ ರೆಡ್ ಹ್ಯಾಟ್ ಕೊಡುವ ಇಮೇಜ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ನಿಮ್ಮ ಲ್ಯಾಪ್‌ಟಾಪನ್ನು ಅದರಿಂದ ಬೂಟ್ ಮಾಡಬೇಕು. ಕ್ಯಾಮೆರಾದಲ್ಲಿ ಒಬ್ಬರು ನೋಡುತ್ತಿರುತ್ತಾರೆ, ಕೋಣೆಗೆ ಬೇರೆ ಯಾರೂ ಬರುವಂತಿಲ್ಲ. ಒಂದು ವಾರ ಮುಂಚೆಯೇ ಬೂಟ್ ಮಾಡಿ, ಕ್ಯಾಮೆರಾ, ನೆಟ್ ಎಲ್ಲ ಪರೀಕ್ಷಿಸಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಉಳಿಯುತ್ತದೆ, ವೈಫೈ ರೂಟರ್ ಸತ್ತುಹೋಗುತ್ತದೆ. ರೂಟರಿಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಇದು ಯಾವುದೂ ಆಗದಿದ್ದರೆ ಬೆಂಗಳೂರಿನ ಸೆಂಟರಿಗೆ ಹೋಗಿ ಬರೆಯಿರಿ. ತುಮಕೂರಿನಿಂದ 70 ಕಿಲೋಮೀಟರ್ ಅಷ್ಟೇ, ಹಿಂದಿನ ರಾತ್ರಿಯೇ ನೆಂಟರ ಮನೆ ಸೇರಿಕೊಂಡರೆ ನೆಮ್ಮದಿ.

ಮಧುಗಿರಿಯ ಹುಡುಗ ಈ ಭಾನುವಾರ ಮತ್ತೆ ಬಂದಿದ್ದ. ಮೂರು ಗಂಟೆಯ ಅಣಕು ಪರೀಕ್ಷೆ ಕೊಟ್ಟೆ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಲಸ ನಿಲ್ಲಿಸಿ, ಎರಡೂ ಮಿಷಿನ್ ರೀಬೂಟ್ ಮಾಡಿದ. ಒಂದರಲ್ಲಿ ನೆಟ್‌ವರ್ಕ್ ಮೂಲಕ ಸೇರಬೇಕಾದ ಎನ್‌ಎಫ್‌ಎಸ್ ಡೈರೆಕ್ಟರಿ ಮೌಂಟ್ ಆಗಿರಲಿಲ್ಲ. ಏನೂ ಕೇಳದೆ ಮ್ಯಾನ್ ಪೇಜ್ ತೆರೆದು ಕೂತ.